ಕಡಬುವಿನ ಹಣೆ

ಕಡಬುವನ್ನು ಆರಿಸಿದ್ದು ಅಪ್ಪನ ತಾಯಿ, ನನ್ನ ಆಯಿ ಸಿದ್ದಲಿಂಗವ್ವ. ಬಾಗಲಕೋಟೆಯಲ್ಲಿ ಯುನೂಸ ಎಂಬವರ ಮನೆಯಲ್ಲಿ ಐದು ಪಗ್ ನಾಯಿಮರಿಗಳಿದ್ದವು. ನನ್ನ ಕಣ್ಣು ಕರಿ ಮರಿಯ ಮೇಲಿತ್ತು. ಆಯಿ ಮಾತ್ರ ಗೋಧಿ ಬಣ್ಣದ ಮರಿಯೊಂದನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಹಣೆಯ ಮಡಿಕೆಗಳನ್ನು ಸವರಿದಳು.

"ಇದ ಇರಲಿ. ಹಣಿ ನೋಡು, ಎಷ್ಟ ವಿಚಾರ ಮಾಡ್ತೈತಿ."

"ಯವ್ವಾ, ಮಡಿಕಿ ಇದ್ದಷ್ಟ ಕೆಲಸಾ ಜಾಸ್ತಿ ರೀ," ಎಂದರು ಯುನೂಸ. "ದಿನಾ ಒರೆಸಿ ಒಣಗಿಸಬೇಕು. ಹಸಿ ಉಳೀತಂದ್ರ ಕೆಟ್ಟ ನಾರತೈತಿ."

"ನನ್ನ ಮುಖಾನೂ ಹಿಂಗ ಐತಿ. ನಾ ಏನ್ ನಾರತೇನೇನು?"

ಯುನೂಸ ನಕ್ಕು ಮರಿಯನ್ನು ಕೊಟ್ಟುಬಿಟ್ಟರು.

ಇಳಕಲ್ಲಿಗೆ ಬಂದಾಗ ಅಪ್ಪ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದರ ಮೂಗ ಎಲ್ಲಿ ಬಿಟ್ಟ ಬಂದ್ರಿ, ಬಸ್ಸಿನ್ಯಾಗ?" ಎಂದ. ಅಂಚು ಮಡಚಿದ ಕಡಬಿನಂತಿದೆ ಎಂದು ಹೆಸರನ್ನೂ ಅವನೇ ಇಟ್ಟ.

ಒಂದು ತಿಂಗಳು ಚೆನ್ನಾಗಿತ್ತು. ಕಡಬು ಆಯಿಯ ಚಪ್ಪಲಿಯ ಮೇಲೆ ಮಲಗಿ ಗೊರಕೆ ಹೊಡೆಯಿತು. ಮಧ್ಯಾಹ್ನದ ಬಿಸಿಲಿಗೆ ಬಚ್ಚಲ ಕಲ್ಲಿಗೆ ಹೊಟ್ಟೆ ಹಚ್ಚಿ ಬಿದ್ದುಕೊಂಡಿತು. ಸಂಜೆ ಕಾಲೇಜಿನಿಂದ ಬಂದ ಮೇಲೆ ನಾನು ಹತ್ತಿಯಿಂದ ಅದರ ಮಡಿಕೆ ಒರೆಸುತ್ತಿದ್ದೆ. ಆದರೂ ವಾಸನೆ ಶುರುವಾಯಿತು.

ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಸೀರೆ ಅಂಗಡಿ. ಬಂದ ಹೆಂಗಸರು ಮೊದಲು ಸೆರಗು ನೋಡುತ್ತಾರೆ, ಆಮೇಲೆ ಬಟ್ಟೆಯನ್ನು ಮುಖದ ಹತ್ತಿರ ತರುತ್ತಾರೆ. ಮದುವೆ ಸೀರೆಗೆಂದು ಗುಡೂರಿನಿಂದ ಬಂದಿದ್ದವಳೊಬ್ಬಳು ಹಾಗೆ ತಂದವಳೇ ತಟ್ಟನೆ ದೂರ ಹಿಡಿದು, "ಇದು ಹಸೀ ಐತೇನ್ರಿ?" ಎಂದಳು. ಅವಳ ಕಾಲ ಬಳಿ ಕುಳಿತ ಕಡಬು ಅವಳನ್ನೇ ಭಕ್ತಿಯಿಂದ ನೋಡುತ್ತಿತ್ತು. ಅವಳು ಸೀರೆ ಕೊಳ್ಳದೆ ಎದ್ದಳು.

"ದಾನೇಶ್ವರಿ," ಎಂದು ಅಪ್ಪ ನನ್ನನ್ನು ಕರೆದ. "ಐತವಾರದ ತನಕ ನೋಡ್ತೇನಿ. ವಾಸನಿ ಹೋಗಬೇಕು, ಇಲ್ಲಾ ನಾಯಿ ಯುನೂಸನ ಮನಿಗೆ ಹೋಗಬೇಕು."

"ನಾ ದಿನಾ ಒರೆಸ್ತೇನಪ್ಪಾ."

"ಮತ್ತ ಯಾರ ನಾರತಾರ, ನಾನೇನು?"

ಅಂದು ಬುಧವಾರ, ರವಿವಾರಕ್ಕೆ ನಾಲ್ಕೇ ದಿನ. ದಿನಕ್ಕೆ ಮೂರು ಸಲ ಒರೆಸಿದೆ. ಹತ್ತಿಗೆ ಬಿಳಿ ರಾಡಿ ಬಂತು. ಕೀವು ಎಂದುಕೊಂಡು ಹೆದರಿದೆ. ಮಡಿಕೆಯೊಳಗಿನ ಚರ್ಮ ಕೆಂಪಾಗಿತ್ತು. ಮೊದಲು ನನ್ನ ಕೈ ನೆಕ್ಕುತ್ತಿದ್ದ ಕಡಬು ಈಗ ಹತ್ತಿ ಕಂಡರೆ ಮಂಚದ ಕೆಳಗೆ ಸೇರುತ್ತಿತ್ತು.

ಶನಿವಾರ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಾಗಲಕೋಟೆಯ ಬಸ್ ಹತ್ತಿದೆ. ಆಯಿಯೂ ಬಂದಳು. ಅಮೀನಗಡ ಬರುವಷ್ಟರಲ್ಲಿ ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡು ಎದ್ದು ಹಿಂದೆ ಹೋದರು.

"ಛಲೋ ಆತು," ಎಂದು ಆಯಿ ಕಾಲು ಚಾಚಿದಳು.

ನಾಯಿಗಳ ಡಾಕ್ಟರ್ ಲಲಿತಾ ಟಾರ್ಚ್ ಬಿಟ್ಟು, ಮಡಿಕೆ ಬಿಡಿಸಿ, ಬಿಳಿ ರಾಡಿಯನ್ನು ಬೆರಳ ತುದಿಯಲ್ಲಿ ತಿಕ್ಕಿ ನೋಡಿದರು.

"ಇದು ಕೀವಲ್ಲ. ಇದಕ್ಕ ಪೌಡರ್ ಯಾರ ಹಚ್ಚತೀರಿ?"

"ಯಾರೂ ಇಲ್ರೀ."

"ದಿನಾ ಹಚ್ಚೀರಿ, ಅದೂ ಹಸಿ ಮಾಡಿ. ಮಡಿಕ್ಯಾಗ ಕುಂತು ಹುಣ್ಣ ಮಾಡೇತಿ."

"ಪೌಡರ್ ಹಚ್ಚಾಕ ಅದೇನ್ ಮದಮಗಳೇನ್ರಿ?" ಎಂದು ಆಯಿ ನಕ್ಕಳು.

ಡಾಕ್ಟರ್ ನಗಲಿಲ್ಲ. ಅವರು ಆಯಿಯ ಹಣೆಯನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಮೂರು ಬೆರಳಿನ ಮೂರು ಬಿಳಿ ಗೆರೆ. ಆಯಿ ಬೆಳಗಿನ ಪೂಜೆ ಮುಗಿಸಿದವಳೇ ವಿಭೂತಿ ಗಟ್ಟಿಯನ್ನು ಒದ್ದೆ ಅಂಗೈಯಲ್ಲಿ ತೇಯ್ದುಕೊಂಡು ಮನೆಯೆಲ್ಲ ಸುತ್ತುತ್ತಾಳೆ. ಹಾಸಿಗೆಯಲ್ಲಿರುವ ನನಗೆ ಹಚ್ಚುತ್ತಾಳೆ, ಹಲ್ಲುಜ್ಜುವ ಅಪ್ಪನಿಗೆ ಹಚ್ಚುತ್ತಾಳೆ, ಹಿತ್ತಲಿನ ಎಮ್ಮೆಗೂ ಹಚ್ಚುತ್ತಾಳೆ.

"ಆಯೀ, ಕಡಬುಗೂ ಹಚ್ಚತೀಯೇನು?"

"ಹಚ್ಚಲಾರದ ಬಿಡ್ತೇನೇನು? ಅದೇನ್ ಮಂದಿ ಮನೀದ..." ಆಯಿ ಬಗ್ಗಿ ಕೆಂಪು ಹುಣ್ಣನ್ನು ನೋಡಿದಳು. ಕೈ ತಾನಾಗಿ ಸೆರಗಿನೊಳಗೆ ಹೋಯಿತು. "ಇದು ನಾ ಮಾಡಿದ್ದೇನು?"

"ಇರಲಿ ಬಿಡ್ರಿ ಅವ್ವಾರ," ಎಂದರು ಡಾಕ್ಟರ್. "ಎಮ್ಮಿ ಹಣಿ ಸಪಾಟ ಇರತೈತಿ, ಗಾಳಿಗೆ ಒಣಗತೈತಿ. ಇದರದು ಒಣಗೂದಿಲ್ಲ." ಮುಲಾಮು ಕೊಟ್ಟು, ಕಾಯಿಸಿ ಆರಿಸಿದ ನೀರಿನಲ್ಲಿ ಒರೆಸಿದ ಮೇಲೆ ಒಣ ಬಟ್ಟೆ ಒತ್ತಲು ಹೇಳಿದರು.

ಬಸ್ಸಿನಲ್ಲಿ ಊರು ಬರುವವರೆಗೂ ಬುಟ್ಟಿ ಆಯಿಯ ತೊಡೆಯ ಮೇಲೇ ಇತ್ತು.

ರವಿವಾರ ಬೆಳಿಗ್ಗೆ ಹಣೆಗೆ ತಣ್ಣನೆಯ ಬೆರಳು ತಾಗಿ ಎಚ್ಚರವಾಯಿತು. ಎದ್ದು ಆಯಿಯ ಹಿಂದೆಯೇ ಹೋದೆ. ಕಡಬು ತನ್ನ ಸರದಿಗೆ ಕಾಯುತ್ತ, ಮುಖ ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕುಳಿತಿತ್ತು. ಆಯಿ ಬಗ್ಗಿದಳು. ಅವಳ ಬೆರಳು ಹಣೆಯ ಹತ್ತಿರ ಹೋಗಿ ನಿಂತಿತು.

ಅಷ್ಟರಲ್ಲಿ ಅಪ್ಪ ಬಂದ. ಮೊಣಕಾಲೂರಿ ಕಡಬುವನ್ನು ಮೂಸಿದ.

"ಇನ್ನೂ ಐತಿ."

"ಐತಿ. ನಾ ಹಚ್ಚಿದ ವಾಸನಿ ಅದು," ಎಂದಳು ಆಯಿ. "ಕಳಸೂದಿದ್ರ ನನ್ನೂ ಯುನೂಸನ ಮನಿಗೆ ಕಳಸು."

"ಅಂವ ನಿನ್ನ ಇಟಗೊಳ್ಳಾಂಗಿಲ್ಲವ್ವಾ."

ಕಡಬು ಸೀನಿತು. ಅಪ್ಪ ಕೆನ್ನೆ ಒರೆಸಿಕೊಂಡು ಕಡಬುವನ್ನೂ ತನ್ನ ತಾಯಿಯನ್ನೂ ಒಂದೊಂದು ಸಲ ನೋಡಿದ.

"ಇರಲಿ ತಗೋ. ವಾಸನಿ ಹೋಗೂ ತನಕ ಸೀರಿ ಕೋಣ್ಯಾಗ ಮಾತ್ರ ಬರಬಾರದು." ಎದ್ದವನು ಆಯಿಯ ಬೆರಳು ನೋಡಿದ. "ಮತ್ತ ಇವತ್ತ ಇದಕ್ಕ ಹಚ್ಚಾಂಗಿಲ್ಲ?"

"ನಾ ಯಾಕ ಹಚ್ಚಲಿ? ಹುಟ್ಟೂ ಮುಂದನ ಮೂರ ಗೆರಿ ಹಚ್ಚಿ ಕಳಿಸ್ಯಾನ ಶಿವಾ."

ಬೆರಳಲ್ಲಿ ಉಳಿದಿದ್ದನ್ನು ಅಪ್ಪನ ಹಣೆಗೆ ಎಳೆದಳು.

"ಆಗಲೇ ಹಚ್ಚೀಯಲ್ಲವ್ವಾ."

"ನಿನಗ ಎರಡ ಸರ್ತಿ ಬೇಕಾಗೈತಿ."

ಆಮೇಲೆ ಆಯಿ ಕೈ ತೊಳೆದು ಒರೆಸಿಕೊಂಡು, ನನ್ನಿಂದ ಹತ್ತಿ ಇಸಿದುಕೊಂಡು ನೆಲಕ್ಕೆ ಕುಳಿತಳು. ಕಡಬು ಮಂಚದ ಕೆಳಗೆ ಓಡಲಿಲ್ಲ. ಮೊದಲನೆಯ ಮಡಿಕೆಯನ್ನು ಅವಳು ಹೆಬ್ಬೆರಳಿನಿಂದ ಮೆಲ್ಲಗೆ ಬಿಡಿಸಿದಳು.