ಬೋರಲು ಲೋಟ

"ನಿನ್ನ ಕಂಪ್ಯೂಟರ್ ಸುಳ್ಳು ಹೇಳ್ತಿದೆ ಕಣೇ. ಮೇಲೆ ಬಾ."

ಅಷ್ಟು ಹೇಳಿ, ಆಸ್ಪತ್ರೆಯ ಮೇಲಿನ ವಾರ್ಡಿನ ಹೆಡ್ ನರ್ಸ್ ದೊಡ್ಡಕ್ಕ ಫೋನ್ ಇಟ್ಟುಬಿಟ್ಟರು. ಅವಳು ಕುರ್ಚಿಗೆ ನೇತುಹಾಕಿದ್ದ ಬೆಲ್ಟನ್ನು ಸೊಂಟಕ್ಕೆ ಬಿಗಿದುಕೊಂಡು ಮೆಲ್ಲಗೆ ಎದ್ದಳು. ಪಕ್ಕದ ಮೇಜಿನ ಎಂಜಿನಿಯರ್ ಕಿವಿಯಿಂದ ಹೆಡ್‌ಫೋನ್ ಸರಿಸಿ, "ಯಾರು, ನಿಮ್ಮ ಹಳೇ ಬಾಸಾ?" ಎಂದ.

"ಹ್ಞೂಂ. ಕಂಪ್ಯೂಟರ್ ಸುಳ್ಳು ಹೇಳ್ತಿದೆಯಂತೆ."

"ಅದಕ್ಕೆ ಅಷ್ಟು ಬುದ್ಧಿ ಎಲ್ಲಿದೆ ಬಿಡಿ," ಎಂದು ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. ದೊಡ್ಡಕ್ಕ ರೇಗಾಡಿದ್ದರೆ ಭಯವಿರುತ್ತಿರಲಿಲ್ಲ. ಅವರು ರೇಗಾಡದ ದಿನವೇ ಇರಲಿಲ್ಲ. ಈಗ ಫೋನಿನಲ್ಲಿ ಅವರ ದನಿ ತಣ್ಣಗಿತ್ತು.

ಲಿಫ್ಟಿಗೆ ಕಾಯುತ್ತ ನಿಂತಾಗ ಗೋಡೆಯ ಕನ್ನಡಿಯಲ್ಲಿ ತನ್ನ ಬಿಳಿ ಕೋಟಿಲ್ಲದ ಮೈ ಕಂಡಿತು. ಇನ್ನೂ ಒಗ್ಗಿರಲಿಲ್ಲ. ಹೋದ ವರ್ಷದವರೆಗೂ ಅವಳು ಮೇಲಿನ ಗಂಡಸರ ವಾರ್ಡಿನ ನರ್ಸು. ಬಚ್ಚಲಲ್ಲಿ ಜಾರಿದ ಭಾರೀ ಮೈಯ ರೋಗಿಯೊಬ್ಬನನ್ನು ಬೀಳದಂತೆ ಹಿಡಿದಾಗ ಸೊಂಟದಲ್ಲಿ ಏನೋ ಕಳಚಿದಂತಾಗಿತ್ತು. ಆ ರೋಗಿಗೆ ಒಂದು ಗಾಯವೂ ಆಗಲಿಲ್ಲ. ಇವಳಿಗೆ ಮಾತ್ರ, ಇನ್ನು ಮುಂದೆ ಯಾರನ್ನೂ ಎತ್ತುವಂತಿಲ್ಲ, ಹೊರಳಿಸುವಂತಿಲ್ಲ ಎಂದು ಡಾಕ್ಟರು ಹೇಳಿದರು. ಎತ್ತದ, ಹೊರಳಿಸದ ನರ್ಸು ಯಾವ ವಾರ್ಡಿಗೆ ಬೇಕು? ಲಿನನ್ ಕೋಣೆಯಲ್ಲಿ ದಿಂಬಿನ ಚೀಲಗಳ ನಡುವೆ ಕೂತು ಅಳುತ್ತಿದ್ದವಳನ್ನು ದೊಡ್ಡಕ್ಕನೇ ಹುಡುಕಿ ಹಿಡಿದದ್ದು. "ಬೆನ್ನು ತಾನೇ ಹೋಗಿದ್ದು? ತಲೆ ನೆಟ್ಟಗಿದೆಯಲ್ಲ?" ಎಂದು ಕೈಹಿಡಿದು ಕೆಳಗಿನ ಕಂಪ್ಯೂಟರ್ ವಿಭಾಗಕ್ಕೆ ಎಳೆದುಕೊಂಡೇ ಹೋಗಿದ್ದರು. ಆಸ್ಪತ್ರೆಯ ಕೇಸ್‌ಶೀಟುಗಳೆಲ್ಲ ಆಗಷ್ಟೇ ಕಂಪ್ಯೂಟರಿಗೆ ಏರುತ್ತಿದ್ದವು. "ಇವಳನ್ನ ಇಟ್ಕೊಳ್ಳಿ. ನಿಮಗೆ ವಾರ್ಡಿನ ಕೆಲಸ ಹೇಳಿಕೊಡ್ತಾಳೆ, ನೀವು ಇವಳಿಗೆ ನಿಮ್ಮ ಕೆಲಸ ಹೇಳಿಕೊಡಿ. ಲೆಕ್ಕ ಸರಿಹೋಯ್ತು."

ಅಂದು ಪ್ರಯೋಗಕ್ಕೆಂದು ತೆಗೆದುಕೊಂಡಿದ್ದರು. ಕಾಯಂ ಮಾಡುವುದೋ ಬೇಡವೋ ಎಂಬ ಮೀಟಿಂಗು ಇವತ್ತು ಮಧ್ಯಾಹ್ನವೇ ಇತ್ತು.

ವಾರ್ಡಿನ ಬಾಗಿಲಲ್ಲಿ ಹೊಸದಾಗಿ ಸೇರಿದ ನರ್ಸು ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ದೊಡ್ಡಕ್ಕ ಕಿಟಕಿ ಪಕ್ಕದ ಮಂಚವನ್ನು ಗದ್ದದಿಂದಲೇ ತೋರಿಸಿದರು. ಅಲ್ಲಿ, ವಾರ್ಡಿನವರೆಲ್ಲ ದರ್ಜಿ ತಾತ ಎಂದು ಕರೆಯುತ್ತಿದ್ದ ರೋಗಿ ದಿಂಬಿಗೊರಗಿ ಕೂತಿದ್ದರು. ಅವರ ಪಕ್ಕದ ಕಪಾಟಿನ ಮೇಲೆ ಸ್ಟೀಲ್ ಲೋಟ ನೆಟ್ಟಗೆ ನಿಂತಿತ್ತು.

ಉಳಿದ ಮಂಚಗಳ ಲೋಟಗಳೆಲ್ಲ ಬೋರಲು ಬಿದ್ದಿದ್ದವು.

ಅದು ಈ ವಾರ್ಡಿನ ರೂಢಿ. ಯಾರು ಶುರು ಮಾಡಿದರೋ, ಮಾತ್ರೆ ನುಂಗಿಸಿದ ನರ್ಸು ಆ ರೋಗಿಯ ಲೋಟವನ್ನು ಅಲ್ಲೇ ಬೋರಲು ಹಾಕಿ ಮುಂದಿನ ಮಂಚಕ್ಕೆ ಹೋಗುತ್ತಾಳೆ. ಊಟದ ಹೊತ್ತಿಗೆ ಆಯಾ ಬಂದು ಎಲ್ಲವನ್ನೂ ಮತ್ತೆ ನೆಟ್ಟಗೆ ಮಾಡುತ್ತಾಳೆ. ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಸಾಕು, ಯಾರ ಹೊಟ್ಟೆಗೆ ಮಾತ್ರೆ ಹೋಗಿದೆ, ಯಾರದು ಬಾಕಿ ಎಂಬುದು ತಿಳಿಯುತ್ತದೆ.

"ಬೆಳಗಿನ ಫಿಟ್ಸ್ ಮಾತ್ರೆ," ಎಂದರು ದೊಡ್ಡಕ್ಕ. "ಕಂಪ್ಯೂಟರ್ ಕೊಟ್ಟಾಯ್ತು ಅಂತಿದೆ. ಲೋಟ ಕೊಟ್ಟಿಲ್ಲ ಅಂತಿದೆ. ನಾನು ಲೋಟ ನಂಬಿದೆ. ಈಗ ಕೊಟ್ಟಿದ್ದೀನಿ. ಡಾಕ್ಟರೂ ನೋಡಿ ಹೋದ್ರು, ಏನೂ ತೊಂದರೆ ಇಲ್ಲ. ಲೋಟ ಹಾಗೇ ಬಿಟ್ಟಿದ್ದು ನೀನು ನೋಡ್ಲಿ ಅಂತ."

"ನನ್ನನ್ನ ಸ್ಕ್ಯಾನಿಗೆ ತಳ್ಕೊಂಡು ಹೋಗಿದ್ರಮ್ಮಾ," ಎಂದರು ತಾತ. "ವಾಪಸ್ ಬಂದು ನೋಡ್ತೀನಿ, ಎಲ್ರ ಲೋಟನೂ ಬೋರಲು, ನಂದೊಂದೇ ನೆಟ್ಟಗೆ. ಇದೇನಪ್ಪಾ, ನಾನು ಇದ್ದೀನೋ ಹೋಗ್ಬಿಟ್ನೋ ಅಂತ ನನಗೇ ಡೌಟು ಬಂತು!"

ತಪ್ಪು ಎಲ್ಲಾಯಿತೆಂದು ಅವಳಿಗೆ ಆಗಲೇ ಅರ್ಥವಾಗಿತ್ತು.

ಕಂಪ್ಯೂಟರಿನಲ್ಲಿ 'ಕೊಟ್ಟಾಯ್ತು' ಎಂದು ದಾಖಲಿಸುವ ಬಟನ್ ಅವಳದೇ. ಹೊಸ ವ್ಯವಸ್ಥೆ ಬಂದಾಗ ಒಂದೊಂದು ಮಾತ್ರೆಗೂ ಒಂದೊಂದು ಸಲ ಒತ್ತಬೇಕಿತ್ತು. ಪಾಳಿ ಮುಗಿದ ಮೇಲೂ ನರ್ಸುಗಳು ಊದಿದ ಕಾಲುಗಳನ್ನು ಕುರ್ಚಿಯ ಕೆಳಗೆ ಮಡಚಿಕೊಂಡು ಒತ್ತುತ್ತ ಕೂರುತ್ತಿದ್ದರು. ಆ ಕಾಲುಗಳ ನೋವು ಅವಳಿಗೆ ಗೊತ್ತಿತ್ತು. ಎಂಜಿನಿಯರನಿಗೆ ದುಂಬಾಲು ಬಿದ್ದು ಒಂದು ಹಸಿರು ಬಟನ್ ಮಾಡಿಸಿದ್ದಳು: 'ಎಲ್ಲರಿಗೂ ಕೊಟ್ಟಾಯ್ತು.' ಒಂದೇ ಒತ್ತು, ಇಡೀ ವಾರ್ಡು ಮುಗಿಯಿತು. ಅಂದಿನಿಂದ ಅವಳು ಬಟನ್ ಸಿಸ್ಟರ್. ಕಾರಿಡಾರಿನಲ್ಲಿ ತಬ್ಬಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಅಮ್ಮ ಬೆನ್ನಿಗೆ ಬಿಸಿನೀರಿನ ಚೀಲ ಇಡುತ್ತ, "ನನ್ನ ಮಗಳ ಬಟನ್ನು," ಎಂದು ಪಕ್ಕದ ಮನೆಯವರಿಗೂ ಕೇಳುವಂತೆ ಹೇಳುತ್ತಿದ್ದರು.

ಒಂದನ್ನು ಮಾತ್ರ ಅವಳು ಯೋಚಿಸಿರಲಿಲ್ಲ. ಕಂಪ್ಯೂಟರ್ ಇದ್ದುದು ಬಾಗಿಲ ಬಳಿಯ ಮೇಜಿನಲ್ಲಿ. ಟ್ರಾಲಿ ಹೊರಡುವುದೂ ಅಲ್ಲಿಂದಲೇ. ಹಾಗಾಗಿ ಎಲ್ಲರೂ ಮೊದಲೇ ಬಟನ್ ಒತ್ತಿ, ಆಮೇಲೆ ಮಾತ್ರೆ ಕೊಡಲು ಹೊರಡುತ್ತಿದ್ದರು. ತಾನು ವಾರ್ಡಿನಲ್ಲಿದ್ದಿದ್ದರೂ ಹಾಗೇ ಮಾಡುತ್ತಿದ್ದೆ ಎಂಬುದು ನೆನೆದಷ್ಟೂ ಚುಚ್ಚಿತು.

"ಸಿಸ್ಟರ್, ಕೊಟ್ಟ ಮೇಲೆ ಒತ್ತಬೇಕು ಅಂತ ನೀವು ಹೇಳಿದ್ರಿ. ನಾನೇ ಮೊದಲು ಒತ್ತಿಬಿಟ್ಟೆ," ಎಂದಳು ಹೊಸ ನರ್ಸು, ಬಿಕ್ಕುತ್ತ.

ಹೌದು, ಹೇಳಿದ್ದಳು. ಅದನ್ನೇ ಮೀಟಿಂಗಿನಲ್ಲಿ ಹೇಳಿದರೆ ಸಾಕು. ತಪ್ಪು ಈ ಹುಡುಗಿಯದಾಗುತ್ತದೆ, ಬಟನ್ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ದೊಡ್ಡಕ್ಕ ಬೇರೆಲ್ಲೋ ನೋಡುತ್ತಿದ್ದರು.

"ಅಳ್ಬೇಡ," ಎಂದಳು ಅವಳು. "ಮೊದಲೇ ಒತ್ತೋ ಹಾಗೆ ಮಾಡಿಟ್ಟವಳು ನಾನು."

ಕೆಳಗೆ ಬಂದವಳೇ ಎಂಜಿನಿಯರನ ಮುಂದೆ ನಿಂತಳು. "ಆ ಬಟನ್ ತೆಗೀಬೇಕು. ಈಗಲೇ."

ಅವನು ಪೂರ್ತಿ ಕೇಳಿಸಿಕೊಂಡ. "ತೆಗೀತೀನಿ ಸಿಸ್ಟರ್. ಆದ್ರೆ ಮಧ್ಯಾಹ್ನ ನಿಮ್ಮ ಮೀಟಿಂಗು. ಅವರು ತೆರೆಯ ಮೇಲೆ ತೋರಿಸಿ ಅನ್ನೋದೇ ಅದನ್ನ. ನಾಳೆ ಬೆಳಿಗ್ಗೆ ತೆಗೆದ್ರಾಗಲ್ವಾ?"

"ಮಧ್ಯಾಹ್ನದ ಮಾತ್ರೆ ಯಾರೂ ನಾಳೆಗೆ ಇಡಲ್ಲ."

ಅವನು ಅವಳ ಮುಖ ನೋಡಿದ. ಕುರ್ಚಿ ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ಹಸಿರು ಬಟನ್ ಇದ್ದ ಜಾಗ ಬರೀ ಬಿಳಿಯಾಗಿತ್ತು. "ಮೀಟಿಂಗಿಗೆ ನಾನೂ ಬರ್ತೀನಿ," ಎಂದ ಅವನು. "ಮಾಡಿದ್ದು ಇಬ್ಬರೂ ಸೇರಿ ತಾನೆ?"

ಮೀಟಿಂಗಿನಲ್ಲಿ ಅವಳ ದನಿ ಏಳಲೇ ಇಲ್ಲ; ಸೂಪರಿಂಟೆಂಡೆಂಟ್ ಎರಡು ಸಲ "ಜೋರಾಗಿ ಹೇಳಿ" ಎನ್ನಬೇಕಾಯಿತು. ತನ್ನ ಬಟನ್ ಏನು ಮಾಡಿತು ಎಂಬುದನ್ನು ಹೇಳಿದಳು. ಬಾಗಿಲ ಬಳಿಯ ಕಂಪ್ಯೂಟರ್ ಬದಲು ಟ್ರಾಲಿಯ ಮೇಲೆಯೇ ಒಂದು ಸಣ್ಣ ತೆರೆ ಬೇಕು, ಮಂಚದ ಪಕ್ಕ ನಿಂತಾಗಲೇ ಆ ಒಬ್ಬ ರೋಗಿಯ ಹೆಸರು ಮಾತ್ರ ಅದರಲ್ಲಿ ಮೂಡಬೇಕು ಎಂದಳು.

"ಮತ್ತೆ ಒಬ್ಬೊಬ್ಬರಿಗೂ ಒತ್ತೋದಾ? ನರ್ಸುಗಳು ಬೈಯಲ್ವೇನಮ್ಮ?"

"ಬೈತಾರೆ ಸರ್."

"ಮೊದಲು ಬೈಯೋಳು ನಾನೇ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ಯಾರೂ ಕರೆಯದಿದ್ದರೂ ದೊಡ್ಡಕ್ಕ ಬಂದು ನಿಂತಿದ್ದರು. "ಬೈಕೊಂಡೇ ಒತ್ತುತ್ತೀನಿ. ಆದ್ರೆ ಇವಳು ಕಂಪ್ಯೂಟರ್ ವಿಭಾಗದಲ್ಲೇ ಇರ್ಬೇಕು ಸರ್. ಬೈದರೆ ಮೇಲೆ ಹತ್ತಿ ಬರೋರು ಇನ್ಯಾರಿದ್ದಾರೆ ನಮಗೆ?"

ಸೂಪರಿಂಟೆಂಡೆಂಟ್ ಪೆನ್ನಿನ ಟೋಪಿ ತೆಗೆದು, ಹಾಕಿ, ಮತ್ತೆ ತೆಗೆದರು. "ಟ್ರಾಲಿ ಮೇಲಿನ ತೆರೆ ಎಷ್ಟು ದಿನಕ್ಕೆ ಆಗುತ್ತೆ?" ಎಂದು ಕೇಳಿದ್ದು ಅವಳನ್ನೇ. ಆಮೇಲೆ, "ಮಾಡಿ. ಕಾಯಂ ಆರ್ಡರ್ ಕಳಿಸ್ತೀನಿ," ಎಂದರು.

ಟ್ರಾಲಿಯ ತೆರೆ ಬಂದ ದಿನ ಅವಳು ವಾರ್ಡಿನಲ್ಲೇ ಇದ್ದಳು. ಹೊಸ ನರ್ಸು ದರ್ಜಿ ತಾತನಿಗೆ ಮಾತ್ರೆ ನುಂಗಿಸಿ, ರೂಢಿಯಂತೆ ಲೋಟ ಬೋರಲು ಹಾಕಿ, ತೆರೆ ಮುಟ್ಟಿದಳು. ತೆರೆಯ ಮೇಲೆ ತಾತನ ಹೆಸರಿನ ಮುಂದಿದ್ದ ಪುಟ್ಟ ಲೋಟದ ಚಿತ್ರವೂ ಪಲ್ಟಿ ಹೊಡೆದು ಬೋರಲಾಯಿತು. ಎಂಜಿನಿಯರ್ ಎರಡು ದಿನ ಕೂತು ಬಿಡಿಸಿದ್ದ ಚಿತ್ರ ಅದು.

"ಅಯ್ಯಯ್ಯೋ, ನನ್ನ ಲೋಟ ಟೀವಿಯಲ್ಲಿ ಬಂತಲ್ಲಪ್ಪಾ!" ಎಂದರು ತಾತ.

ದೊಡ್ಡಕ್ಕ ಬೈದರು. ಅಕ್ಷರ ಸಣ್ಣದೆಂದರು, ಬೆಳಕು ಕಣ್ಣಿಗೆ ಹೊಡೆಯುತ್ತದೆಂದರು. ಬೈಯುತ್ತಲೇ ಅವಳ ಜೊತೆ ಲಿಫ್ಟಿನಲ್ಲಿ ಕೆಳಗಿಳಿದು, ಮೊದಲ ದಿನ ಅವಳನ್ನು ಎಳೆದುತಂದ ಆ ಕೋಣೆಗೇ ಬಂದು ಕೂತರು. ಅವಳಿಗೆ ಹೇಳಬೇಕಾದದ್ದು ತುಂಬ ಇತ್ತು. ಲಿನನ್ ಕೋಣೆಯಿಂದ ಶುರುಮಾಡಬೇಕು ಎಂದುಕೊಂಡು ಬಾಯಿ ತೆರೆದಳು.

"ಟೀ ತಗೋತೀರಾ ಅಕ್ಕ?"

"ಕೊಡು."

ದೊಡ್ಡಕ್ಕ ಊದಿ ಊದಿ ಟೀ ಕುಡಿದರು. ಎಂಜಿನಿಯರನ ಕುರ್ಚಿಯನ್ನು ಒಮ್ಮೆ ತಿರುಗಿಸಿ ನೋಡಿದರು. ಗೋಡೆಯ ಗಡಿಯಾರ ಕಂಡು, "ರೌಂಡ್ಸಿಗೆ ಹೊತ್ತಾಯ್ತು," ಎಂದು ಎದ್ದು ಹೊರಟೇಬಿಟ್ಟರು.

ಬಾಗಿಲು ತಾನಾಗಿ ಮುಚ್ಚಿಕೊಂಡ ಮೇಲೆ ಅವಳು ಮೇಜಿನತ್ತ ತಿರುಗಿದಳು. ಕೀಬೋರ್ಡಿನ ಪಕ್ಕ ದೊಡ್ಡಕ್ಕನ ಟೀ ಲೋಟ ಬೋರಲು ಕೂತಿತ್ತು. ಅದರ ಅಂಚಿನಿಂದ ಇಳಿದ ಟೀ ಮೇಜಿನ ಮೇಲೆ ತೆಳ್ಳಗಿನ ಒಂದು ಉಂಗುರ ಬರೆಯುತ್ತಿತ್ತು. ಒರೆಸಲೆಂದು ಬಟ್ಟೆ ಕೈಗೆತ್ತಿಕೊಂಡಳು. ಆಮೇಲೆ ಅದನ್ನು ಮಡಿಸಿ ಪಕ್ಕಕ್ಕಿಟ್ಟು, ಕೀಬೋರ್ಡನ್ನು ಸ್ವಲ್ಪ ಆಚೆ ಸರಿಸಿಕೊಂಡು ಕೆಲಸಕ್ಕೆ ಕೂತಳು.