ತೇವದ ಪಾಲು

ಸಂಕರ್ಷಣನ ಕೋಣೆಯ ಹಬೆ ಮೆಷಿನ್ನಿಗೆ ನೀರು ತುಂಬುವಾಗ ಸದ್ದಾಗಬಾರದು. ಚೊಂಬನ್ನು ಅಂಚಿಗೆ ತಾಗಿಸಿ, ದೀಪಕ್ಕೆ ಎಣ್ಣೆ ಹಾಕುವ ಹಾಗೆ ಸಣ್ಣಗೆ ಸುರಿದೆ. ಮುಚ್ಚಳ ತಿರುಗಿಸಿದೆ. ನೆಲಕ್ಕೆ ಬಿದ್ದ ಹನಿಯನ್ನು ಲಂಗದ ಅಂಚಿನಿಂದ ಒರೆಸಿದೆ. ಕತ್ತಿಗೆ ಮಫ್ಲರ್ ಸುತ್ತಿಕೊಂಡು ಮಲಗಿದ್ದ ಅವನು ಹೋಗು ಎಂದು ಕೈಯಾಡಿಸಿದ. ಬಾಗಿಲು ಭದ್ರವಾಗಿ ಮುಚ್ಚಿಕೊಂಡು ಬಂದೆ.

ದೊಡ್ಡಮ್ಮನ ಮಗ ಸಂಕರ್ಷಣ ರಾಮನವಮಿಗೆ ಚಾಮರಾಜಪೇಟೆಯ ನಮ್ಮ ಬೀದಿಯ ಪೆಂಡಾಲಿನಲ್ಲಿ ಹಾಡಲಿದ್ದ. ದೊಡ್ಡ ವಿದ್ವಾಂಸರು ಬರುವುದಕ್ಕೆ ಮೊದಲು, ಇನ್ನೂ ಕುರ್ಚಿ ಹಾಕುತ್ತಿರುವ ಹೊತ್ತಿನಲ್ಲಿ. ಅದಕ್ಕಾಗಿ ಅವನು ಮೌನದಲ್ಲಿದ್ದ. ಅವನ ಗಂಟಲು ಸವೆಯದಿರಲೆಂದು ನಾವೂ ಪಿಸುಮಾತಿನಲ್ಲಿದ್ದೆವು.

ಮಾರ್ಚ್ ತಿಂಗಳ ಒಣ ಹವೆ ಗಂಟಲಿಗೆ ಶತ್ರು ಎಂದು ಹೇಳಿ, ಸಿಂಗಪುರದಿಂದ ತಂದಿದ್ದ ಈ ಮೆಷಿನ್ನನ್ನು ಕೊಟ್ಟವನು ಪಕ್ಕದ ಮನೆಯ ವಾದಿರಾಜ. ಪ್ಲಾಸ್ಟಿಕ್ಕಿನ ಮೂತಿಯಿಂದ ಅದು ತಣ್ಣನೆಯ ಹಬೆ ಬಿಡುತ್ತಿತ್ತು. ಮೊದಲ ದಿನ ಹಬೆ ತೆರೆದಿದ್ದ ಬಾಗಿಲು ದಾಟಿ ಹಾಲಿಗೆ ಬಂದು ಮೇಲಕ್ಕೇರಿತು. ಅಲ್ಲಿ ಗಳುವಿನ ಮೇಲೆ ದೊಡ್ಡಮ್ಮನ ಮಡಿ ಸೀರೆ ಒಣಗುತ್ತಿತ್ತು.

"ರೀ, ಅದು ಉಗುಳಿದ್ದು ನನ್ನ ಸೀರೆಗೆ ತಾಗ್ತಿದೆ. ಮೈಲಿಗೆ ಆಗಲ್ವಾ?"

ಬೀದಿಯವರೆಲ್ಲ ಶೀನಣ್ಣ ಎಂದು ಕರೆಯುವ ದೊಡ್ಡಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಹಬೆಗೆಂಥ ಮೈಲಿಗೆಯೇ? ಇಡ್ಲಿ ಹಬೆಯಲ್ಲೇ ಬೇಯಲ್ವಾ?"

"ನಮ್ಮ ಇಡ್ಲಿ ಪಾತ್ರೆಗೆ ಪ್ಲಾಸ್ಟಿಕ್ ಮೂತಿ ಇಲ್ಲ."

ಕೋಣೆಯ ಬಾಗಿಲು ಮುಚ್ಚಿತು. ಆದರೂ ಬಾಗಿಲ ಕೆಳಗಿಂದ ಹಬೆ ತೂರಿ ಬರುವುದನ್ನು ದೊಡ್ಡಮ್ಮ ನೆಲಕ್ಕೆ ಬಗ್ಗಿ ಪತ್ತೆ ಮಾಡಿದರು. ಸೀರೆ ಟೆರೇಸಿಗೆ ಹೋಯಿತು. ಮುಟ್ಟದೆ, ಕೋಲಿನ ತುದಿಯಲ್ಲಿ, ಮೆರವಣಿಗೆಯ ಹಾಗೆ. ಟೆರೇಸಿನಲ್ಲಿ ಕಾಗೆ ಮುಟ್ಟಿದರೂ ಮೈಲಿಗೆಯೇ. ಹಾಗಾಗಿ ಕಾಗೆ ಓಡಿಸುವ ಕೆಲಸ ನನಗೆ ಸಿಕ್ಕಿತು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಎಲ್ಲಿ ಸಿಗುತ್ತದೆ?

ನಾನು ಮಲಗುವುದು ಹಾಲಿನಲ್ಲಿ. ಇಷ್ಟು ವರ್ಷ ಆ ಒಂಬತ್ತು ಗಜದ ಒದ್ದೆ ಸೀರೆಯ ಕೆಳಗೇ ಮಲಗಿ, ಮುಖದ ಮೇಲೆ ಹನಿ ಬಿದ್ದಾಗಲೆಲ್ಲ ಅದನ್ನು ಮನಸ್ಸಿನಲ್ಲೇ ಬೈದಿದ್ದೆ. ಈಗ ಮನೆಯ ತೇವವೆಲ್ಲ ಪಾಲಾಗಿತ್ತು. ಮೈಲಿಗೆಯ ತೇವ ಕೋಣೆಗೆ, ಮಡಿಯ ತೇವ ಟೆರೇಸಿಗೆ. ಹಾಲಿನ ಪಾಲಿಗೆ ಫ್ಯಾನು. ಅದೇ ವಾರ ನನ್ನ ಮೂಗು ಒಳಗೆಲ್ಲ ಒಣಗಿ ಬಿರಿದು, ದಿಂಬಿನ ಮೇಲೆ ರಕ್ತ ಬಿತ್ತು.

"ಉಷ್ಣ ಕಣೆ," ಎಂದರು ದೊಡ್ಡಮ್ಮ, ಎರಡು ಹೆಜ್ಜೆ ಹಿಂದೆ ಸರಿದು. "ಉಪ್ಪಿನಕಾಯಿ ಕದ್ದು ತಿಂದ್ರೆ ಇನ್ನೇನಾಗತ್ತೆ? ನನ್ನ ಮುಟ್ಟಬೇಡ, ಮೊದಲು ಸ್ನಾನ ಮಾಡ್ಹೋಗು."

ದೊಡ್ಡಪ್ಪ ನನಗೆ, ತಲೆ ಮೇಲೆತ್ತಿ ಕೂರು ಎಂದರು. ಆಮೇಲೆ, ಹಾಗೆ ಕೂರಬಾರದು, ಬಗ್ಗಿ ಕೂರು ಎಂದರು. ಮೌನದಲ್ಲಿದ್ದ ಸಂಕರ್ಷಣ ಬಾಗಿಲ ಸಂದಿಯಿಂದ ಸ್ಲೇಟು ತೋರಿಸಿದ. 'ನನ್ನ ಕಡೆ ಸೀನಬೇಡ' ಎಂದು ಬರೆದಿದ್ದ. ಅಕ್ಷರ ದುಂಡಗಿತ್ತು.

ಆಮೇಲೆ ದಿನವೂ ಬೆಳಿಗ್ಗೆ ರಕ್ತ ಬರತೊಡಗಿತು. ದಿಂಬಿನ ಮೇಲೆ ಹಳೇ ಪಂಚೆಯ ತುಂಡು ಹಾಸಿಕೊಳ್ಳಲು ದೊಡ್ಡಮ್ಮ ಅಪ್ಪಣೆ ಕೊಟ್ಟರು. ಅಷ್ಟು ಕರುಣೆ ಆ ಮನೆಯಲ್ಲಿತ್ತು.

ಇವತ್ತು ನೀರು ತುಂಬಿ, ಬಾಗಿಲು ಮುಚ್ಚಿ ಬಂದಾಗ ದೊಡ್ಡಮ್ಮ ಹಾಲಿನಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ದೊಡ್ಡಪ್ಪ ಪೇಪರ್ ಓದುತ್ತಿದ್ದರು. ಮೂಗು ಮತ್ತೆ ಬಿಸಿಯಾಯಿತು. ನೆಲ ಒರೆಸಿದ ಲಂಗದ ಅಂಚು ಇನ್ನೂ ಒದ್ದೆ ಇತ್ತು. ಅದನ್ನೇ ಮೂಗಿಗೆ ಒತ್ತಿಕೊಂಡೆ. ಒಂದು ಗಳಿಗೆ ಹಾಯೆನಿಸಿತು. ಈ ಮನೆಯಲ್ಲಿ ನಾನಾಗಿ ಏನನ್ನೂ ಕೇಳಿದ ನೆನಪಿಲ್ಲ.

"ದೊಡ್ಡಮ್ಮ, ಸೀರೆ ಹೇಗೂ ಮೇಲಿದೆಯಲ್ಲ. ರಾತ್ರಿ ಮಲಗೋವಾಗ ಕೋಣೆ ಬಾಗಿಲು ತೆಗೆದಿಡ್ಲಾ?"

ದೊಡ್ಡಮ್ಮ ಹತ್ತಿಯಿಂದ ಇನ್ನೊಂದು ಎಳೆ ತೆಗೆದರು. ದೊಡ್ಡಪ್ಪ ಪುಟ ತಿರುಗಿಸಿದರು. ಒಳಗೆ ಮೆಷಿನ್ ಗುಳುಗುಳು ಎಂದಿತು.

"ಪೂರ್ತಿ ಬೇಡ ದೊಡ್ಡಮ್ಮ. ಒಂದು ಬೆರಳಷ್ಟು ತೆಗೆದಿಟ್ರೆ ಸಾಕು."