ತಂಗಿಗೆ ತಂದ ಆಮೆ

ನಾಲ್ಕು ಜನ ಸೇರಿ ಆಮೆಯನ್ನು ದೋಣಿಯಿಂದ ಎಳೆತಂದು ಅಡುಗೆಮನೆಯ ಹಿಂದೆ ಅಂಗಾತ ಹಾಕುವಾಗ ಲಿತಿಯಾ ಮರಗೆಣಸು ಸುಲಿಯುತ್ತಿದ್ದಳು. ಕೈಯಲ್ಲಿದ್ದ ಚೂರಿ ಅಲ್ಲೇ ನಿಂತಿತು.

"ಸೈರುಸಿಯಣ್ಣಾ, ಇದೇನಿದು?"

"ಕಣ್ಣು ಕಾಣಲ್ವಾ? ಆಮೆ." ಸಮುದ್ರದಲ್ಲಿ ನಿದ್ದೆಗೆಟ್ಟು ಸೈರುಸಿಯ ಕಣ್ಣು ಕೆಂಪಾಗಿತ್ತು. "ನನ್ನ ತಂಗೀನ ಮಣ್ಣು ಮಾಡಿದ ಮೇಲಿನ ಊಟಕ್ಕೆ."

ತಂಗಿ ವಿಲಿಮೈನಾ ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದಳು. ಸಕ್ಕರೆ ಕಾಯಿಲೆ ಮೊದಲು ಒಂದು ಕಾಲು ತಿಂದು, ಆಮೇಲೆ ಅವಳನ್ನೇ ತಿಂದಿತ್ತು. ಫಿಜಿಯ ಆ ಸಣ್ಣ ದ್ವೀಪದಲ್ಲಿ ಶಿಶುವಿಹಾರ ಎಂದರೆ ಅವಳೇ. ಲಿತಿಯಾ ಅವಳ ಸಹಾಯಕಿ.

"ಅಕ್ಕ ಆಮೆ ಮುಟ್ಟುತ್ತಿರಲಿಲ್ಲ. ಮಕ್ಕಳಿಗೂ ಬೇಡ ಅಂತ..."

"ನನಗೆ ಗೊತ್ತಿಲ್ವೇನೆ!" ಒಳಗಿಂದ ಹೆಂಗಸರು ಇಣುಕಿದರು. ಅವನು ದನಿ ತಗ್ಗಿಸಿದ. "ಆಮೆ ಕೊಯ್ಯೋದು ಊರ ಯಜಮಾನರ ಮನೇಲಿ ಸಾವಾದ್ರೆ ಮಾತ್ರ. ಟೀಚರಮ್ಮನಿಗೆ ಕೋಳಿ ಸಾಕು ಅಂದ್ರು ಊರಲ್ಲಿ. ಕೋಳಿ! ಹೋಗಿ ಯಜಮಾನರ ಕಾಲು ಹಿಡಿದು ಒಪ್ಪಿಸಿದೆ. ಬೆಸ್ತ ನಾನು. ಕೊಡೋಕೆ ಇದಕ್ಕಿಂತ ದೊಡ್ಡದು ನನ್ನ ಹತ್ರ ಏನಿದೆ ಹೇಳು?"

ಲಿತಿಯಾ ಚೂರಿ ಒರೆಸಿದಳು. ಮತ್ತೆ ಗೆಣಸಿಗೆ ಕೈ ಹಾಕಿದಳು.

*

ಅಣ್ಣ ತಂಗಿಯ ಜಗಳ ಇವತ್ತಿನದಲ್ಲ. ಒಂದು ಬೆಳಗ್ಗೆ ವಿಲಿಮೈನಾ ಮಕ್ಕಳನ್ನೆಲ್ಲ ಕೆಸರಿನ ಅಂಚಿಗೆ ಬೋರಲು ಮಲಗಿಸಿ, ತಾನೂ ಮಲಗಿ, ಏಡಿ ಬಿಲದಿಂದ ಹೊರಬರಲೆಂದು ಕಾಯುತ್ತಿದ್ದಳು. ಬಲೆ ಹೊತ್ತು ಬಂದ ಸೈರುಸಿ ಬಿದ್ದು ಬಿದ್ದು ನಕ್ಕಿದ್ದ.

"ಏಡಿ ತಿಂದೇ ಬೆಳೆದ ಮಕ್ಕಳಿಗೆ ಏಡಿ ತೋರಿಸ್ತಾಳಂತೆ!"

"ಶ್! ಹಿಡಿಯೋದು ನೀನು ಕಲಿಸು, ನೋಡೋದು ನಾನು ಕಲಿಸ್ತೀನಿ. ಮಲಗೋದಾದ್ರೆ ಮಲಗು, ಇಲ್ಲಾಂದ್ರೆ ನಡಿ."

ಅವನು ಬೇಕೆಂದೇ ಜೋರಾಗಿ ಕೆಮ್ಮಿ ಹೋದ. ಏಡಿ ಹೊರಗೆ ಬರಲಿಲ್ಲ. ಮಕ್ಕಳೆದುರು ನಡಿ ಅಂದಳೆಂದು ಅಂದಿನಿಂದ ತಂಗಿಯ ಮನೆಯ ಮೆಟ್ಟಿಲನ್ನೂ ಅವನು ಹತ್ತಲಿಲ್ಲ. ಅವಳ ಕಾಲು ಕತ್ತರಿಸಿದ ಮೇಲೆ ಮಾತ್ರ, ಯಾರೂ ಇಲ್ಲದ ಹೊತ್ತು ನೋಡಿ, ಬಾಗಿಲಿಗೆ ಮೀನಿನ ಗೊಂಚಲು ನೇತುಹಾಕಿ ಹೋಗುತ್ತಿದ್ದ.

*

ಮಣ್ಣು ಮಾಡಿ ಬರುವಷ್ಟರಲ್ಲಿ ಆಮೆ ಕೊಯ್ದಾಗಿತ್ತು. ಮಾಂಸ ನೆಲ ತೋಡಿ ಮಾಡಿದ ಒಲೆಯಲ್ಲಿ ಬೇಯುತ್ತಿತ್ತು. ಶಿಶುವಿಹಾರದ ಮಕ್ಕಳು ಅಡುಗೆಮನೆಯ ಹಿಂದೆ ಗುಂಪುಗೂಡಿದ್ದರು. ಸೈರುಸಿಯ ಮೊಮ್ಮಗಳು, ಮೆಲೆ ಎಂಬ ಹುಡುಗಿ, ಒಂದು ಬೋಗುಣಿಯ ಮೇಲಿನ ಎಲೆ ಸರಿಸಿದ್ದಳು. ಒಳಗೆ ಹಳದಿ ಗೋಲಿಗಳ ಹಾಗೆ ಮೊಟ್ಟೆಗಳು. ಸೈರುಸಿ ಬಂದದ್ದು ಕಂಡು ತಲೆಯೆತ್ತಿದಳು.

"ತಾತಾ, ಇದನ್ನ ಮರಳಲ್ಲಿ ಹೂಳಬೇಕು. ಇಲ್ದಿದ್ರೆ ಮರಿ ಆಗಲ್ಲ. ಟೀಚರ್ ಹೇಳಿದಾರೆ."

ಅಡುಗೆಯ ಹೆಂಗಸೊಬ್ಬಳು ನಕ್ಕಳು. "ಅಯ್ಯೋ ಹುಚ್ಚಮ್ಮಾ, ಹೊಟ್ಟೆ ಸೀಳಿ ತೆಗೆದದ್ದು, ಇನ್ನೂ ಚಿಪ್ಪೇ ಬಂದಿಲ್ಲ. ಎಲ್ಲಿಂದ ಬರಬೇಕು ಮರಿ?"

"ನೀನು ಸುಮ್ನಿರು," ಎಂದ ಸೈರುಸಿ.

ಬೋಗುಣಿ ಎತ್ತಿಕೊಂಡು ದಡದ ಕಡೆ ನಡೆದ. ಮಕ್ಕಳು ಹಿಂದೆ, ಅವರ ಹಿಂದೆ ಲಿತಿಯಾ. ಆ ಮೊಟ್ಟೆಗಳು ಏನೂ ಆಗುವುದಿಲ್ಲವೆಂದು ಆ ದ್ವೀಪದಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಅವನು ಮಂಡಿಯೂರಿ ಬರಿಗೈಯಲ್ಲಿ ತೋಡತೊಡಗಿದ.

"ಅಲ್ಲಿ ಬೇಡ ತಾತಾ, ಅಲೆ ಬರುತ್ತೆ."

ಎದ್ದು ಮೇಲಕ್ಕೆ ಹೋಗಿ ಮತ್ತೆ ತೋಡಿದ.

"ಇನ್ನೂ ಆಳ."

"ಇಷ್ಟು ಸಾಕೇನಮ್ಮಾ?"

"ಸಾಲದು. ಇನ್ನೂ."

ಒಗೆದು ತೊಟ್ಟ ಬಿಳಿ ಅಂಗಿಯ ತೋಳು ಭುಜದವರೆಗೂ ಗುಂಡಿಯೊಳಗೆ ಹೋಯಿತು. ಸೈರುಸಿಯ ಕೆನ್ನೆ ಮರಳಿಗೆ ಒತ್ತಿತ್ತು. ಅವನು ಇನ್ನೂ ತೋಡುತ್ತಲೇ ಇದ್ದ.